ನಿಪ್ಪಟ್ಟಿನ ಜಾರ್‌ನಲ್ಲಿ ಟಾರಂಟುಲಾ ಸಾಕಬಹುದೇ?

ಪ್ರಶ್ನೆ: ನಾನು ಬನಶಂಕರಿಯಲ್ಲಿ ಅಮ್ಮನ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಬೇರೆ ಊರಿಗೆ ಕೆಲಸಕ್ಕೆ ಹೊರಟ ಗೆಳೆಯ ತಾನು ಸಾಕುತ್ತಿದ್ದ ಎರಡು ಟಾರಂಟುಲಾ ಜೇಡಗಳನ್ನು ನನಗೆ ಕೊಟ್ಟು ಹೋದ. ಒಂದು ಕರ್ಲಿ ಹೇರ್ ಮರಿ, ಕಾಲು ಚಾಚಿದರೆ 2 ಸೆಂ.ಮೀ. ಇನ್ನೊಂದು ಪಿಂಕ್ ಟೋ, ಸುಮಾರು 5 ಸೆಂ.ಮೀ. ಗಾಜಿನ ಪೆಟ್ಟಿಗೆ ಕೊಳ್ಳುವಷ್ಟು ದುಡ್ಡಿಲ್ಲ. ಮನೆಯಲ್ಲಿ ಪಾರ್ಸೆಲ್ ಡಬ್ಬಿಗಳು ರಾಶಿ ಬಿದ್ದಿವೆ. ಸದ್ಯಕ್ಕೆ ಕರ್ಲಿ ಹೇರನ್ನು ಎತ್ತರದ ನಿಪ್ಪಟ್ಟಿನ ಜಾರ್‌ನಲ್ಲಿ, ಪಿಂಕ್ ಟೋವನ್ನು ಬಿರಿಯಾನಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮುಚ್ಚಳಕ್ಕೆ ನಾಲ್ಕು ನಾಲ್ಕು ತೂತು ಮಾಡಿದ್ದೇನೆ. ಗೋಡೆಯ ತುಂಬ ನೀರಿನ ಹನಿ ನಿಂತಿರುತ್ತದೆ. ಇಂಥ ಡಬ್ಬಿ ಸಾಕಾ? ತೂತು ಎಷ್ಟು, ಹೇಗೆ ಮಾಡಬೇಕು? ಅದು ಹೊರಗೆ ಬಂದರೆ ಏನು ಗತಿ ಅಂತ ಅಮ್ಮನಿಗೆ ಭಯ.

ಉತ್ತರ: ಪ್ಲಾಸ್ಟಿಕ್ ಡಬ್ಬಿ ಸಾಕು. ಹಲವು ವರ್ಷಗಳಿಂದ ಜೇಡ ಸಾಕುತ್ತಿರುವವರು ಕೂಡ ಮರಿಗಳನ್ನು ಇಂಥ ಸಣ್ಣ ಡಬ್ಬಿಗಳಲ್ಲೇ ಬೆಳೆಸುತ್ತಾರೆ. ಬೆರಳಿನ ಉಗುರಿನಷ್ಟು ಮರಿಯನ್ನು ದೊಡ್ಡ ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟರೆ ಅದಕ್ಕೆ ಊಟ ಹುಡುಕುವುದೇ ಕಷ್ಟ. ಅದು ತಿಂದಿತೋ ಇಲ್ಲವೋ, ಬದುಕಿದೆಯೋ ಇಲ್ಲವೋ ನಿಮಗೂ ಗೊತ್ತಾಗುವುದಿಲ್ಲ. ಹಾಗಾಗಿ ದುಡ್ಡಿಲ್ಲ ಎಂಬ ಬೇಸರ ಬೇಡ.

ಆದರೆ ಇವತ್ತೇ ಶುರು ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಎರಡು ಮನೆಗಳೂ ತಿರುಗಾಮುರುಗಾ ಆಗಿವೆ. ಕರ್ಲಿ ಹೇರ್ ನೆಲದ ಜೇಡ. ಮಧ್ಯ ಅಮೆರಿಕದ ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ ಕಡೆ ಮಣ್ಣಿನಲ್ಲಿ ಬಿಲ ತೋಡಿಕೊಂಡು ಇರುವಂಥದ್ದು. ಪಿಂಕ್ ಟೋ ದಕ್ಷಿಣ ಅಮೆರಿಕದ ಕಾಡಿನ ಮರದ ಜೇಡ. ತೊಗಟೆ, ಎಲೆಗಳ ನಡುವೆ ಬಲೆಯ ಚೀಲ ಹೆಣೆದುಕೊಂಡು ಮೇಲೆಯೇ ಇರುತ್ತದೆ. ನೀವು ನೆಲದ ಜೇಡಕ್ಕೆ ಎತ್ತರದ ಮನೆ ಕೊಟ್ಟಿದ್ದೀರಿ, ಮರದ ಜೇಡಕ್ಕೆ ತಗ್ಗಿನ ಮನೆ ಕೊಟ್ಟಿದ್ದೀರಿ. ನಿಪ್ಪಟ್ಟಿನ ಜಾರ್ ಪಿಂಕ್ ಟೋಗೆ ಹೇಳಿ ಮಾಡಿಸಿದ ಹಾಗಿದೆ. ಕರ್ಲಿ ಹೇರ್‌ಗೆ ಬೇರೆ ಸಣ್ಣ ಡಬ್ಬಿ ನೋಡೋಣ.

ಜೇಡಕ್ಕೆ ಡಬ್ಬಿಯ ಬೆಲೆ ಬೇಕಿಲ್ಲ, ಅಂದವೂ ಬೇಕಿಲ್ಲ. ಒಳಗೆ ಗಾಳಿ ಆಡಬೇಕು, ಬಿದ್ದರೆ ಏಟಾಗಬಾರದು. ನನ್ನ ಕೈಯಲ್ಲಿ ಸತ್ತ ಜೇಡಗಳು ಬಹುಪಾಲು ಈ ಎರಡರಲ್ಲಿ ಒಂದು ತಪ್ಪಿನಿಂದಲೇ ಸತ್ತವು. ಅದಕ್ಕೇ ಈ ಎರಡನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಬೀಳುವ ವಿಷಯ. ನಾನು ಸಾಕಿದ ಮೊದಲ ದೊಡ್ಡ ಜೇಡ ಅಂಗೈ ಅಗಲ ಇತ್ತು. ಅದನ್ನು ಅಗಲ ಬಾಯಿಯ ಎತ್ತರದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಟ್ಟಿದ್ದೆ. ತಳದಲ್ಲಿ ಎರಡು ಬೆರಳು ಮಣ್ಣು. ಅದು ರಾತ್ರಿ ಗೋಡೆ ಹತ್ತುವುದನ್ನು ನೋಡಿ, ಓಡಾಡಲು ಜಾಗ ಸಿಕ್ಕಿತಲ್ಲ ಎಂದು ಖುಷಿಪಟ್ಟಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಕೆಳಗೆ ಬಿದ್ದಿತ್ತು. ಹೊಟ್ಟೆಯ ಅಡಿಯಲ್ಲಿ ಸಣ್ಣ ಸೀಳು, ಅದರಿಂದ ತಿಳಿಯಾದ ದ್ರವ ಒಸರುತ್ತಿತ್ತು. ಸಂಜೆಯ ಹೊತ್ತಿಗೆ ಹೋಯಿತು. ಜೇಡದ ತಲೆಯ ಕಡೆಯ ಚಿಪ್ಪು ಗಟ್ಟಿ, ಹೊಟ್ಟೆ ಮಾತ್ರ ನೀರು ತುಂಬಿದ ಬಲೂನಿನಂತೆ ತೆಳು. ಜೇಡ ದೊಡ್ಡದಾದಷ್ಟೂ ಭಾರ ಜಾಸ್ತಿ, ಭಾರ ಜಾಸ್ತಿ ಆದಷ್ಟೂ ಏಟು ಜಾಸ್ತಿ. ನಿಮ್ಮ 2 ಸೆಂ.ಮೀ. ಮರಿ ಹಗುರ, ಈಗ ಬಿದ್ದರೂ ಬದುಕಿಕೊಂಡೀತು. ಆದರೆ ಅದು ಬೆಳೆಯುತ್ತದೆ. ಈಗಲೇ ಲೆಕ್ಕ ಸರಿ ಮಾಡಿಕೊಂಡರೆ ಒಳ್ಳೆಯದು, ಅಲ್ವಾ?

ಆ ಲೆಕ್ಕ ಹೀಗಿದೆ. ನೆಲದ ಜೇಡಕ್ಕೆ ಮಣ್ಣಿನ ಮೇಲಿಂದ ಮುಚ್ಚಳದವರೆಗಿನ ಎತ್ತರ ಅದರ ಕಾಲಗಲದ, ಅಂದರೆ ಕಾಲು ಚಾಚಿದಾಗಿನ ಅಗಲದ, ಒಂದೂವರೆ ಪಟ್ಟು ಮೀರಬಾರದು. 2 ಸೆಂ.ಮೀ. ಜೇಡಕ್ಕೆ 3 ಸೆಂ.ಮೀ. ಅಷ್ಟೇ. ಉದ್ದ, ಅಗಲ ಕಾಲಗಲದ ಮೂರು ಪಟ್ಟು ಇದ್ದರೆ ಸಾಕು, ಸ್ವಲ್ಪ ಜಾಸ್ತಿ ಇದ್ದರೂ ತೊಂದರೆ ಇಲ್ಲ. ಸಾಗು, ಪಲ್ಯ ಪಾರ್ಸೆಲ್ ಕೊಡುವ ದುಂಡನೆಯ ಅರ್ಧ ಲೀಟರ್ ಡಬ್ಬಿ ಇರುತ್ತದಲ್ಲ, ಅದನ್ನು ತೆಗೆದುಕೊಳ್ಳಿ. ಅದರ ಎತ್ತರ ಸುಮಾರು 7 ಸೆಂ.ಮೀ. ಇರುತ್ತದೆ. 4 ಸೆಂ.ಮೀ. ಮಣ್ಣು ತುಂಬಿದರೆ ಮೇಲೆ 3 ಉಳಿಯುತ್ತದೆ. ಮರಿಗೆ ಬಿಲ ತೋಡಲು ಆಳವೂ ಸಿಕ್ಕಿತು, ಬೀಳುವ ಎತ್ತರವೂ ಕಮ್ಮಿಯಾಯಿತು. ಆ ಡಬ್ಬಿ ಸಿದ್ಧವಾಗುವವರೆಗೆ ಈಗಿನ ಜಾರ್‌ನಲ್ಲೇ ಮಣ್ಣನ್ನು ಕತ್ತಿನ ಹತ್ತಿರದವರೆಗೆ ಏರಿಸಿಡಿ.

ಯಾವ ಡಬ್ಬಿ ಆರಿಸಬೇಕು? ತಳ ತಿರುಗಿಸಿ ನೋಡಿ. ತ್ರಿಕೋನದ ಒಳಗೆ ಒಂದು ಅಂಕಿ ಇರುತ್ತದೆ. 5 ಇದ್ದರೆ ಪಾಲಿಪ್ರೊಪಿಲೀನ್. ಸ್ವಲ್ಪ ಮಸುಕು, ಬಾಗುತ್ತದೆ, ಬೇಗ ಬಿರುಕು ಬಿಡುವುದಿಲ್ಲ. ಬಿಸಿ ಸಾಂಬಾರ್ ಹಾಕಿ ಕೊಡುವ ಡಬ್ಬಿಗಳು ಸಾಮಾನ್ಯವಾಗಿ ಇದೇ. 1 ಇದ್ದರೆ ಪೆಟ್. ನಿಪ್ಪಟ್ಟು, ಕೋಡುಬಳೆ, ಖಾರಾಬೂಂದಿ ತುಂಬುವ ಜಾರ್‌ಗಳು ಇದರವು. ನೀರಿನ ಹಾಗೆ ತಿಳಿಯಾಗಿ ಕಾಣುತ್ತವೆ. ಬಿಸಿ ನೀರು ಹಾಕಿದರೆ ಮಾತ್ರ ಮುದುಡಿಕೊಳ್ಳುತ್ತವೆ, ಆದ್ದರಿಂದ ತಣ್ಣೀರಲ್ಲೇ ತೊಳೆಯಿರಿ. 6 ಇದ್ದರೆ ಬಿಟ್ಟುಬಿಡಿ. ಗಾಜಿನ ಹಾಗೆ ಹೊಳೆಯುತ್ತದೆ, ಒತ್ತಿದರೆ ಚಟ್ ಎಂದು ಸೀಳುತ್ತದೆ. 3 ಎಂದಿದ್ದರೆ ಅದು ಪಿವಿಸಿ, ಅದನ್ನು ಬಿಸಿ ಮಾಡಲೇಬಾರದು, ಅದರ ಹೊಗೆ ವಿಷ. ನಿಮ್ಮ ಬಿರಿಯಾನಿ ಡಬ್ಬಿಯ ತಳ ಕಪ್ಪು ಬಣ್ಣದ್ದಾದರೆ ಒಳಗೆ ಏನಾಗುತ್ತಿದೆ ಎಂದು ಪಕ್ಕದಿಂದ ಕಾಣುವುದಿಲ್ಲ. ಅದನ್ನು ಎಸೆಯಬೇಡಿ, ಮುಂದೆ ಬೇರೆ ಕೆಲಸಕ್ಕೆ ಬರುತ್ತದೆ.

ತೊಳೆಯುವಾಗ ಒಂದು ಪರೀಕ್ಷೆ ಮಾಡಿ. ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ, ನಾಲ್ಕು ಸಲ ನೀರಿನಲ್ಲಿ ಜಾಲಿಸಿ, ಒಂದು ದಿನ ಗಾಳಿಗೆ ಒಣಗಿಸಿ ಮುಚ್ಚಿಡಿ. ಮರುದಿನ ಮುಚ್ಚಳ ತೆಗೆದು ಮೂಸಿ. ಮಸಾಲೆ ವಾಸನೆ ಇನ್ನೂ ಬಂದರೆ ಆ ಡಬ್ಬಿ ಬೇಡ. ಅರಿಶಿನದ ಹಳದಿ ಕಲೆ ಉಳಿದರೆ ಪರವಾಗಿಲ್ಲ, ವಾಸನೆ ಉಳಿಯಬಾರದು. ಉಪ್ಪಿನಕಾಯಿ ಡಬ್ಬಿಯನ್ನು ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ, ಅದರ ಆಸೆ ಬಿಡಿ. ಫಿನಾಯಿಲ್, ಸೋಪಿನ ಪುಡಿ, ಊದುಬತ್ತಿ ಇಟ್ಟಿದ್ದ ಡಬ್ಬಿಗಳೂ ಬೇಡ.

ಇನ್ನು ತೂತು. ಇದರಲ್ಲೇ ಹೆಚ್ಚಿನವರು ತಪ್ಪುವುದು, ನೀವೂ ತಪ್ಪಿದ್ದೀರಿ. ಮುಚ್ಚಳದಲ್ಲಿ ಮಾತ್ರ ತೂತು ಇದ್ದರೆ ಗಾಳಿ ಆಡುವುದಿಲ್ಲ. ಒಂದೇ ಕಿಟಕಿ ಇರುವ ಕೋಣೆಯಲ್ಲಿ ಸೆಕೆ ಹೇಗಿರುತ್ತದೆ ನೆನಪಿಸಿಕೊಳ್ಳಿ. ಎದುರಿಗೆ ಇನ್ನೊಂದು ಕಿಟಕಿ ತೆಗೆದರೆ ತಕ್ಷಣ ಗಾಳಿ ಹರಿಯುತ್ತದೆ. ಡಬ್ಬಿಗೂ ಅಷ್ಟೇ. ಒಂದು ಪಕ್ಕದ ಗೋಡೆಯಲ್ಲಿ ಮಣ್ಣಿಗಿಂತ ಸ್ವಲ್ಪ ಮೇಲೆ ಒಂದು ಸಾಲು ತೂತು. ಎದುರಿನ ಗೋಡೆಯಲ್ಲಿ ಇನ್ನೂ ಎತ್ತರಕ್ಕೆ, ಮುಚ್ಚಳದ ಹತ್ತಿರ ಇನ್ನೊಂದು ಸಾಲು. ಒಂದೊಂದು ಕಡೆ ಹನ್ನೆರಡರಿಂದ ಹದಿನೈದು. ಕೆಳಗಿನಿಂದ ತಣ್ಣನೆ ಗಾಳಿ ಒಳಗೆ ಬರುತ್ತದೆ, ಮೇಲಿನಿಂದ ಬಿಸಿ, ಹಸಿ ಗಾಳಿ ಹೊರಗೆ ಹೋಗುತ್ತದೆ. ಟಾರಂಟುಲಾಗೆ ಹೊಟ್ಟೆಯ ಅಡಿಯಲ್ಲಿ ಎರಡು ಜೊತೆ ಶ್ವಾಸಕೋಶಗಳಿವೆ, ಪುಸ್ತಕದ ಹಾಳೆಗಳನ್ನು ಜೋಡಿಸಿದಂತೆ. ಅದು ನಮ್ಮ ಹಾಗೆ ಎದೆ ಉಬ್ಬಿಸಿ ಗಾಳಿ ಎಳೆದುಕೊಳ್ಳುವುದಿಲ್ಲ. ಸುತ್ತ ಒಳ್ಳೆಯ ಗಾಳಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಿಮ್ಮ ಗೋಡೆಯ ಮೇಲಿನ ಹನಿಗಳು ಹೇಳುತ್ತಿರುವುದೂ ಇದನ್ನೇ. ಪಿಂಕ್ ಟೋ ಮಳೆಕಾಡಿನದು, ಹಾಗಾಗಿ ಡಬ್ಬಿ ಸದಾ ಒದ್ದೆ ಇರಬೇಕು ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ಮಳೆಕಾಡಿನಲ್ಲಿ ಮಳೆ ಎಷ್ಟಿದೆಯೋ ಮರದ ಮೇಲೆ ಗಾಳಿಯೂ ಅಷ್ಟೇ ಇದೆ. ಗಾಳಿ ಇಲ್ಲದ ಒದ್ದೆಯಲ್ಲಿ ಬೂಷ್ಟು ಹಿಡಿಯುತ್ತದೆ. ನಿನ್ನೆವರೆಗೆ ಚೆನ್ನಾಗಿದ್ದ ಪಿಂಕ್ ಟೋ ಬೆಳಿಗ್ಗೆ ಕಾಲು ಮುದುಡಿಕೊಂಡು ಸತ್ತಿರುತ್ತದೆ. ಕಾರಣ ಗೊತ್ತಾಗಲಿಲ್ಲ ಎನ್ನುತ್ತಾರೆ. ಹೆಚ್ಚಿನ ಸಲ ಕಾರಣ ಆ ಹನಿಗಳಲ್ಲೇ ಇರುತ್ತದೆ. ದಯವಿಟ್ಟು ಇವತ್ತಿನಿಂದ ನೀರು ಚಿಮುಕಿಸುವುದನ್ನು ನಿಲ್ಲಿಸಿ.

ತೂತಿನ ಗಾತ್ರಕ್ಕೂ ಲೆಕ್ಕ ಇದೆ. ಜೇಡದ ಹೊಟ್ಟೆ ಹಿಂಡಿಕೊಂಡು ತೂರೀತು, ಆದರೆ ತಲೆಯ ಭಾಗದ ಗಟ್ಟಿ ಚಿಪ್ಪು ಹಿಂಡುವುದಿಲ್ಲ. ಆ ಚಿಪ್ಪು ತೂರದ ತೂತಿನಿಂದ ಜೇಡ ತಪ್ಪಿಸಿಕೊಳ್ಳಲಾರದು. ನಿಮ್ಮ ಮರಿಗೆ 1 ಮಿ.ಮೀ., ಪಿಂಕ್ ಟೋಗೆ 2 ಮಿ.ಮೀ. ಸರಿ. ದೊಡ್ಡ ತೂತು ಮಾಡಿ ಅದಕ್ಕೆ ಸೊಳ್ಳೆ ಪರದೆ ಅಂಟಿಸುವ ಯೋಚನೆ ಬೇಡ. ಬೆಳೆದ ಜೇಡ ಕೋರೆಯಿಂದ ಅದನ್ನು ಹರಿದು ಹಾಕುತ್ತದೆ. ತಂತಿಯ ಜಾಲರಿಯೂ ಅಪಾಯ, ಕಾಲಿನ ತುದಿಯ ಉಗುರು ಅದಕ್ಕೆ ಸಿಕ್ಕಿಕೊಂಡು ಜೇಡ ನೇತಾಡುತ್ತದೆ.

ತೂತು ಕೊರೆಯಲು ಡ್ರಿಲ್ ಬೇಡ, ಡಬ್ಬಿ ಸೀಳಬಹುದು. ಪ್ಲಾಸ್ಟಿಕ್ ಕರಗಿಸಿಯೇ ತೂತು ಮಾಡಬೇಕು. 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಇದ್ದರೆ ಕೆಲಸ ಹಗುರ, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ. ಅದಿಲ್ಲದಿದ್ದರೆ ಗೋಣಿಚೀಲ ಹೊಲಿಯುವ ದಬ್ಬಳ ಸಾಕು. ಹಿಂಬದಿಗೆ ಮರದ ಹಿಡಿ ಹಾಕಿ, ಅಥವಾ ಇಕ್ಕಳದಲ್ಲಿ ಹಿಡಿದು, ಗ್ಯಾಸ್ ಉರಿಯಲ್ಲಿ ಕಾಯಿಸಿ ಚುಚ್ಚಿ. ಮರಿಯ ಡಬ್ಬಿಗೆ ಸಣ್ಣ ಸೂಜಿ. ಕಿಟಕಿ ತೆರೆದಿರಲಿ, ಬಾಲ್ಕನಿಯಲ್ಲಿ ಕೂತರೆ ಇನ್ನೂ ಒಳ್ಳೆಯದು, ಆ ಹೊಗೆ ಕುಡಿಯಬಾರದು. ಚುಚ್ಚುವಾಗ ಜೇಡ ಡಬ್ಬಿಯೊಳಗೆ ಇರಬಾರದು ಎಂದು ಬೇರೆ ಹೇಳಬೇಕಿಲ್ಲ. ಒಳಗಿನಿಂದ ಹೊರಕ್ಕೆ ಚುಚ್ಚಿದರೆ ಕರಗಿದ ಪ್ಲಾಸ್ಟಿಕ್ಕಿನ ಮೊನಚು ಅಂಚು ಹೊರಗೆ ಉಳಿಯುತ್ತದೆ. ಜಾರ್ ಆಳ ಇದ್ದು ಕೈ ಹೋಗದಿದ್ದರೆ ಹೊರಗಿನಿಂದಲೇ ಚುಚ್ಚಿ, ಆಮೇಲೆ ಕಡ್ಡಿಗೆ ಉಪ್ಪುಕಾಗದ ಸುತ್ತಿ ಒಳಗೆ ಉಜ್ಜಿ. ಬೆರಳಾಡಿಸಿದಾಗ ಎಲ್ಲೂ ಚುಚ್ಚಬಾರದು. ಕೊನೆಗೆ ಇನ್ನೊಂದು ಸಲ ತೊಳೆಯಿರಿ.

ಒಳಗೆ ಹಾಕುವ ಮಣ್ಣಿಗೆ ನಾನು ಕೋಕೋಪೀಟ್ ಬಿಟ್ಟು ಬೇರೆ ಯಾವುದನ್ನೂ ಹೇಳುವುದಿಲ್ಲ. ತೆಂಗು ಬೆಳೆಯುವ ನಾಡು ನಮ್ಮದು, ಯಾವ ನರ್ಸರಿಗೆ ಹೋದರೂ ಇಟ್ಟಿಗೆಯ ಹಾಗೆ ಒತ್ತಿದ ಕೋಕೋಪೀಟ್ ಸಿಗುತ್ತದೆ. ಗೊಬ್ಬರ, ಬೇವಿನ ಹಿಂಡಿ ಬೆರೆಸಿದ ಗಿಡದ ಮಿಶ್ರಣ ಬೇಡ. ಬರೀ ನಾರಿನ ಪುಡಿ ಕೇಳಿ. ಅಗ್ಗದ ಕೋಕೋಪೀಟ್‌ನಲ್ಲಿ ಉಪ್ಪಿನಂಶ ಇರುತ್ತದೆ. ಆದ್ದರಿಂದ ಒಂದು ರಾತ್ರಿ ನೆನೆಸಿ, ಹಳೆಯ ಪಂಚೆಯಲ್ಲಿ ಸೋಸಿ, ಇನ್ನೊಂದು ಸಲ ನೀರು ಹಾಕಿ ಹಿಂಡಿ. ಹದ ಎಷ್ಟು ಅಂದರೆ, ಮುಷ್ಟಿಯಲ್ಲಿ ಒತ್ತಿದಾಗ ಉಂಡೆ ಆಗಬೇಕು, ಬೆರಳ ಸಂದಿಯಿಂದ ಒಂದು ಹನಿಯೂ ಒಸರಬಾರದು. ಪುಟ್ಟಿನ ಹಿಟ್ಟು ಕಲಸುವವರಿಗೆ ಈ ಹದ ಕೈಗೇ ಗೊತ್ತಿರುತ್ತದೆ. ಅಮ್ಮನ ಸಹಾಯ ಕೇಳಿ. ಮಣ್ಣನ್ನು ಡಬ್ಬಿಗೆ ತುಂಬಿ ಬೆರಳಿನಿಂದ ಚೆನ್ನಾಗಿ ಒತ್ತಿ. ಸಡಿಲ ಬಿಟ್ಟರೆ ಮರಿ ತೋಡಿದ ಬಿಲ ಕುಸಿಯುತ್ತದೆ. ಕರ್ಲಿ ಹೇರ್‌ಗೆ ಅವಿತುಕೊಳ್ಳಲು ತೆಂಗಿನ ಕರಟದ ಚೂರು ಸಾಕು. ನಾರು ಕೆರೆದು, ನೀರಿನಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ ಹಾಕಿ. ಅದರ ಕೆಳಗೆ ಬೆರಳಿನಿಂದ ಒಂದು ಸಣ್ಣ ಗುಂಡಿ ಮಾಡಿಕೊಟ್ಟರೆ ಉಳಿದದ್ದನ್ನು ಅದೇ ತೋಡಿಕೊಳ್ಳುತ್ತದೆ.

ನೀರಿಗೆ ಬಾಟಲ್ ಮುಚ್ಚಳ. ಹತ್ತಿ, ಸ್ಪಂಜು ಹಾಕಬೇಡಿ, ಎರಡೇ ದಿನದಲ್ಲಿ ಕೊಳೆಯುತ್ತದೆ. ಇಷ್ಟು ಸಣ್ಣ ಮರಿಗೆ ಮುಚ್ಚಳವೂ ದೊಡ್ಡದೇ, ವಾರಕ್ಕೆ ಎರಡು ಸಲ ಮಣ್ಣಿನ ಒಂದು ಮೂಲೆಗೆ ನಾಲ್ಕು ಹನಿ ನೀರು ಬಿಟ್ಟರೆ ಸಾಕು. ಒಂದು ಮೂಲೆ ಹಸಿ, ಉಳಿದದ್ದು ಒಣ. ತನಗೆ ಬೇಕಾದ ಕಡೆ ಅದೇ ಹೋಗಿ ಕೂರುತ್ತದೆ.

ಈಗ ಪಿಂಕ್ ಟೋ ಮನೆ. ನನಗೆ ತುಂಬ ಇಷ್ಟವಾದ ಕೆಲಸ ಇದು. ಒಂದು ಲೀಟರ್‌ನ ನಿಪ್ಪಟ್ಟಿನ ಜಾರ್ ತೆಗೆದುಕೊಂಡು ತಲೆಕೆಳಗು ಮಾಡಿ. ಮುಚ್ಚಳ ಕೆಳಗೆ, ತಳ ಮೇಲೆ. ಯಾಕೆ ಅಂದರೆ, ಪಿಂಕ್ ಟೋ ಡಬ್ಬಿಯ ತುತ್ತತುದಿಯಲ್ಲೇ ಬಲೆ ಕಟ್ಟುತ್ತದೆ. ಮುಚ್ಚಳ ಮೇಲಿದ್ದರೆ ಪ್ರತಿ ಸಲ ತೆಗೆದಾಗಲೂ ಅದರ ಮನೆ ಹರಿಯುತ್ತದೆ. ತಲೆಕೆಳಗು ಮಾಡಿದರೆ ಮುಚ್ಚಳವೇ ನೆಲ. ಅದರ ಮೇಲೆ 2-3 ಸೆಂ.ಮೀ. ಕೋಕೋಪೀಟ್. ಮುಚ್ಚಳ ತಿರುಗಿಸಿದರೆ ಬಲೆಯ ಜೊತೆ ಜೇಡ ಮೇಲಿನ ಭಾಗದಲ್ಲೇ ಉಳಿಯುತ್ತದೆ, ನೆಲ ಮಾತ್ರ ಕೈಗೆ ಬರುತ್ತದೆ. ತಿರುಗಿಸುವ ಮುಂಚೆ ಜೇಡ ಎಲ್ಲಿದೆ ಎಂದು ನೋಡಿ. ಕಾಲು ಮುಚ್ಚಳದ ತಿರುಪಿಗೆ ಸಿಕ್ಕಿಕೊಂಡರೆ ತುಂಡಾಗುತ್ತದೆ. ತೂತುಗಳನ್ನು ಇಲ್ಲಿ ಇನ್ನೂ ಧಾರಾಳವಾಗಿ ಮಾಡಿ. ಕೆಳಗೆ ಒಂದು ಸಾಲು, ಎದುರಿಗೆ ಮೇಲೆ ಎರಡು ಸಾಲು.

ಒಳಗೆ ಓರೆಯಾಗಿ ಒಂದು ಕೊಂಬೆ ಬೇಕು. ಸೀಬೆ ಗಿಡದ ಒಣಗಿದ ಗಟ್ಟಿ ಕೊಂಬೆ ಚೆನ್ನಾಗಿರುತ್ತದೆ, ಕುದಿಸಿ ಒಣಗಿಸಿ. ಸೀಳಿದ ಬಿದಿರೂ ಆಗುತ್ತದೆ. ನೀಲಗಿರಿ ಬೇಡ, ಅದರ ಎಣ್ಣೆಯ ಘಾಟು ಜೇಡಕ್ಕೆ ಆಗುವುದಿಲ್ಲ. ಪಾರ್ಕಿನಿಂದ ತೊಗಟೆ ಆರಿಸಿ ತರುವುದೂ ಬೇಡ, ಗಿಡಗಳಿಗೆ ಔಷಧಿ ಹೊಡೆದಿರಬಹುದು. ಕೊಂಬೆಯ ತುದಿಗೆ ಬಲೆ ಕಟ್ಟಲು ಎಲೆಗಳು ಬೇಕು. ಹಬ್ಬಕ್ಕೆ ಬಾಗಿಲಿಗೆ ಕಟ್ಟುವ ಪ್ಲಾಸ್ಟಿಕ್ ಮಾವಿನೆಲೆಯ ತೋರಣ ಹಳೆಯದಾಗಿ ಮೂಲೆಯಲ್ಲಿ ಬಿದ್ದಿರುತ್ತದಲ್ಲ, ಅದರಿಂದ ನಾಲ್ಕು ಎಲೆ ಕತ್ತರಿಸಿ. ಬೆಚ್ಚಗಿನ ನೀರಿನಲ್ಲಿ ಒಂದು ದಿನ ನೆನೆಸಿಡಿ. ನೀರು ಹಸಿರಾದರೆ ಬಿಡಿ, ಆಗದಿದ್ದರೆ ಹಾಟ್ ಗ್ಲೂ ಹಾಕಿ ಅಂಟಿಸಿ. ನಾನು ಹೀಗೆ ಮಾಡಿಕೊಟ್ಟ ಮನೆಯಲ್ಲಿ ಒಂದು ಪಿಂಕ್ ಟೋ ಮೂರನೇ ರಾತ್ರಿಗೇ ಎರಡು ಮಾವಿನೆಲೆ ಸೇರಿಸಿ ಬಿಳಿ ಚೀಲ ಹೆಣೆದಿತ್ತು. ಬೆಳಿಗ್ಗೆ ಅದನ್ನು ನೋಡಿದ ಖುಷಿ ಇನ್ನೂ ಮರೆತಿಲ್ಲ.

ಊಟ ಹಾಕಲು ಸಣ್ಣ ಬಾಗಿಲು ಬೇಕಾದರೆ ಇನ್ನೊಂದು ಉಪಾಯ ಇದೆ. ನೀರಿನ ಬಾಟಲಿಯ ಕತ್ತನ್ನು ಮುಚ್ಚಳದ ಸಮೇತ ಕತ್ತರಿಸಿ. ಜಾರ್‌ನ ಪಕ್ಕದಲ್ಲಿ ಅದೇ ಅಳತೆಯ ದುಂಡು ತೂತು ಮಾಡಿ, ಕತ್ತನ್ನು ಕೂರಿಸಿ, ಸುತ್ತ ಹಾಟ್ ಗ್ಲೂ ಹಾಕಿ. ಮುಚ್ಚಳ ತಿರುಗಿಸಿ ಹುಳ ಹಾಕಿ, ಮುಚ್ಚಿ. ಇದು ಪೆಟ್ ಜಾರ್‌ಗೆ ಮಾತ್ರ. ಸಾಂಬಾರ್ ಡಬ್ಬಿಯ ಪ್ಲಾಸ್ಟಿಕ್ಕಿಗೆ ಹಾಟ್ ಗ್ಲೂ ಹಿಡಿಯುವುದಿಲ್ಲ, ಎರಡು ದಿನಕ್ಕೆ ಕಿತ್ತು ಬರುತ್ತದೆ. ಪಿಂಕ್ ಟೋಗೆ ಸಂಜೆ ಹೊತ್ತು ಸಿರಿಂಜಿನಿಂದ ಗೋಡೆಗೆ ಎರಡು ಮೂರು ಹನಿ ನೀರು ಬಿಡಿ, ಅದು ಅಲ್ಲೇ ಕುಡಿಯುತ್ತದೆ. ಬೆಳಗಾಗುವಷ್ಟರಲ್ಲಿ ಆ ಹನಿ ಆರಿರಬೇಕು. ಕೆಳಗೆ ಬಾಟಲ್ ಮುಚ್ಚಳದಲ್ಲಿ ನೀರು ಯಾವಾಗಲೂ ಇರಲಿ.

ಬಿಸಿಗೆ ಲೈಟು, ಹೀಟ್ ಪ್ಯಾಡು ಏನೂ ಬೇಡ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 34-35 ಡಿಗ್ರಿ, ಜನವರಿ ರಾತ್ರಿ 15ರ ಆಸುಪಾಸು. ಮನೆಯ ಒಳಗೆ ಇಷ್ಟೂ ಏರಿಳಿತ ಇರುವುದಿಲ್ಲ. ನಿಮ್ಮ ಎರಡು ಜೇಡಗಳಿಗೂ ಇದು ಆಗಿಬರುತ್ತದೆ. ಚಳಿಗಾಲದಲ್ಲಿ ಒಳಕೋಣೆಯಲ್ಲಿ ಇಡಿ, ಸಾಕು. ನಿಜವಾದ ಅಪಾಯ ಬಿಸಿಲು. ಕಿಟಕಿಯ ಹತ್ತಿರ ನೇರ ಬಿಸಿಲು ಬಿದ್ದ ಮುಚ್ಚಿದ ಡಬ್ಬಿ ಸ್ವಲ್ಪ ಹೊತ್ತಿನಲ್ಲೇ ಒಲೆಯಾಗುತ್ತದೆ. ಫ್ರಿಜ್, ಟಿವಿ ಮೇಲೂ ಬೇಡ.

ಡಬ್ಬಿ ಎಷ್ಟೇ ಚೆನ್ನಾಗಿದ್ದರೂ ಸುತ್ತಲಿನ ಗಾಳಿಯಲ್ಲಿ ವಿಷ ಇದ್ದರೆ ಏನೂ ಪ್ರಯೋಜನ ಇಲ್ಲ. ಈ ಊರಿನಲ್ಲಿ ಇದು ದೊಡ್ಡ ಸಮಸ್ಯೆ. ಜಿರಲೆ ಸ್ಪ್ರೇ, ಗೋಡೆಗೆ ಹಚ್ಚುವ ಲಿಕ್ವಿಡ್ ಸೊಳ್ಳೆ ಯಂತ್ರ, ಸೊಳ್ಳೆ ಬತ್ತಿ, ಇರುವೆಗೆ ಗೆರೆ ಎಳೆಯುವ ಸೀಮೆಸುಣ್ಣ, ಇವೆಲ್ಲ ಕೀಟಗಳನ್ನು ಕೊಲ್ಲುವಂತೆಯೇ ಜೇಡವನ್ನೂ ಕೊಲ್ಲುತ್ತವೆ. ಜೇಡ ಇರುವ ಕೋಣೆಯಲ್ಲಿ ಇವು ಬೇಡ, ಅಲ್ಲಿ ಸೊಳ್ಳೆ ಪರದೆ ಕಟ್ಟಿಕೊಳ್ಳಿ. ಬೀದಿಗೆ ಫಾಗಿಂಗ್ ಗಾಡಿ ಬಂದ ಸದ್ದು ಕೇಳಿದರೆ ಕಿಟಕಿ ಮುಚ್ಚಿ, ಡಬ್ಬಿಗಳನ್ನು ಒಳಗಿನ ಕೋಣೆಗೆ ಒಯ್ದು ಮೇಲೆ ಒಂದು ಬಟ್ಟೆ ಹೊದಿಸಿ. ಅಡುಗೆಮನೆಯಲ್ಲಿ ಸಿಕ್ಕ ಜಿರಲೆಯನ್ನು ಜೇಡಕ್ಕೆ ಹಾಕುವುದೂ ಬೇಡ. ಅದು ಎಲ್ಲಿ ಏನು ತಿಂದು ಬಂದಿದೆಯೋ ಯಾರಿಗೆ ಗೊತ್ತು. ಸಾಕಿದ ಹುಳಗಳನ್ನೇ ಕೊಂಡು ಹಾಕಿ. ಹುಳ ಜೇಡದ ಹೊಟ್ಟೆಗಿಂತ ದೊಡ್ಡದಿರಬಾರದು.

ಇರುವೆಗೆ ನಮ್ಮ ಅಜ್ಜಿಯರ ಉಪಾಯವೇ ಸರಿ. ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಡುತ್ತಿದ್ದರಲ್ಲ, ಹಾಗೆಯೇ. ಆಗ ಎಸೆಯಬೇಡಿ ಎಂದೆನಲ್ಲ, ಆ ಕಪ್ಪು ಬಿರಿಯಾನಿ ತಳ, ಅದರಲ್ಲಿ ಒಂದು ಬೆರಳು ನೀರು ಹಾಕಿ ನಡುವೆ ಒಂದು ಬಟ್ಟಲು ಬೋರಲು ಹಾಕಿ ಅದರ ಮೇಲೆ ಡಬ್ಬಿ ಇಡಿ. ತಿಂದು ಉಳಿದ ಹುಳದ ಚೂರನ್ನು ಮರುದಿನವೇ ಚಿಮುಟದಿಂದ ತೆಗೆಯಿರಿ. ಇರುವೆ, ಸಣ್ಣ ನೊಣ ಎರಡಕ್ಕೂ ಕರೆ ಕಳಿಸುವುದು ಅದೇ.

ಜೇಡ ಊಟ ಬಿಟ್ಟು ಮಂಕಾಗಿ ಕೂತರೆ, ಆಮೇಲೆ ಒಂದು ದಿನ ಅಂಗಾತ ಮಲಗಿದರೆ ಹೆದರಬೇಡಿ. ಪೊರೆ ಬಿಡುತ್ತಿದೆ ಅಷ್ಟೇ. ಮುಟ್ಟಬೇಡಿ, ಡಬ್ಬಿ ಅಲುಗಿಸಬೇಡಿ. ಒಳಗೆ ಜೀವಂತ ಹುಳ ಇದ್ದರೆ ಮಾತ್ರ ಮೆಲ್ಲಗೆ ತೆಗೆಯಿರಿ, ಆ ಹೊತ್ತಿನಲ್ಲಿ ಹುಳವೇ ಜೇಡವನ್ನು ಕಚ್ಚಿ ತಿನ್ನಬಹುದು. ಪೊರೆ ಬಿಟ್ಟ ಮೇಲೆ ಕೋರೆ ಬಿಳಿಯಾಗಿ ಮೆತ್ತಗಿರುತ್ತದೆ. ಅದು ಕಪ್ಪಾಗುವವರೆಗೆ ಊಟ ಬೇಡ. ಮುಚ್ಚಳಕ್ಕೆ ಒಂದು ಟೇಪ್ ಅಂಟಿಸಿ ಪೊರೆ ಬಿಟ್ಟ ತಾರೀಖು ಬರೆದಿಡಿ. ಬಿಟ್ಟ ಪೊರೆಯ ಕಾಲಗಲ ಅಳೆದು ನೋಡಿದರೆ ಮುಂದಿನ ಡಬ್ಬಿ ಯಾವಾಗ ಬೇಕು ಎಂದು ತಿಳಿಯುತ್ತದೆ. ಕರ್ಲಿ ಹೇರ್ ಹೆಣ್ಣಾದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಅಷ್ಟು ಕಾಲವೂ ಪಾರ್ಸೆಲ್ ಡಬ್ಬಿ ಸಾಲದು. ಕಾಲಗಲ 7-8 ಸೆಂ.ಮೀ. ದಾಟಿದ ಮೇಲೆ ದಪ್ಪ ಗೋಡೆಯ, ಕೊಕ್ಕೆ ಹಾಕುವ ಮುಚ್ಚಳದ ಡಬ್ಬಿ ಬೇಕು.

ಅಮ್ಮನ ಭಯಕ್ಕೆ ಬರುತ್ತೇನೆ. ಅವರ ಭಯ ಸುಮ್ನೆ ಅಲ್ಲ. ಟಾರಂಟುಲಾ ನುಣ್ಣನೆಯ ಪ್ಲಾಸ್ಟಿಕ್ ಗೋಡೆಯನ್ನು ಸಲೀಸಾಗಿ ಹತ್ತುತ್ತದೆ. ಮುಚ್ಚಳದ ಅಂಚು ಸಡಿಲ ಇದ್ದರೆ ತಳ್ಳಿಕೊಂಡು ಬರುತ್ತದೆ. ಪಾರ್ಸೆಲ್ ಡಬ್ಬಿಯ ಮುಚ್ಚಳ ಹತ್ತು ಹದಿನೈದು ಸಲ ತೆಗೆದು ಹಾಕಿದರೆ ಸಡಿಲವಾಗಿಯೇ ಆಗುತ್ತದೆ. ಹಾಗಾಗಿ ಎರಡು ರಬ್ಬರ್ ಬ್ಯಾಂಡನ್ನು ಅಡ್ಡಡ್ಡ ಹಾಕಿ. ಅವು ಹಳೆಯದಾದರೆ ಹರಿಯುತ್ತವೆ, ತಿಂಗಳಿಗೊಮ್ಮೆ ಬದಲಿಸಿ. ಡಬ್ಬಿ ತೆರೆಯುವುದನ್ನು ಯಾವಾಗಲೂ ದೊಡ್ಡ ಪ್ಲಾಸ್ಟಿಕ್ ಟಬ್ಬಿನ ಒಳಗಿಟ್ಟು ಮಾಡಿ. ಹೊರಗೆ ಹಾರಿದರೂ ಟಬ್ಬಿನಲ್ಲೇ ಸಿಗುತ್ತದೆ. ಪಕ್ಕದಲ್ಲಿ ಒಂದು ಖಾಲಿ ಡಬ್ಬಿ, ಒಂದು ಮೆತ್ತನೆಯ ಬ್ರಷ್ ಇರಲಿ. ಮನೆ ಬದಲಿಸುವಾಗ ಕೈ ಹಾಕಬೇಡಿ, ಡಬ್ಬಿಯನ್ನು ಮೇಲೆ ಬೋರಲು ಹಾಕಿ, ಕೆಳಗೆ ಗಟ್ಟಿ ಕಾಗದ ತೂರಿಸಿ ಎತ್ತಿ. ಈ ಎರಡು ಜೇಡಗಳ ಕಡಿತ ನೋಯುತ್ತದೆ, ಊದಿಕೊಳ್ಳಬಹುದು. ಟಾರಂಟುಲಾ ಕಚ್ಚಿ ಮನುಷ್ಯರು ಸತ್ತ ಉದಾಹರಣೆ ಇಲ್ಲ ಎಂದು ಅಮ್ಮನಿಗೆ ಹೇಳಿ. ಕಚ್ಚುವುದಕ್ಕಿಂತ ಜಾಸ್ತಿ ಕಾಡುವುದು ಕರ್ಲಿ ಹೇರ್‌ನ ಹೊಟ್ಟೆಯ ರೋಮ. ಹೆದರಿದಾಗ ಹಿಂಗಾಲಿನಿಂದ ಕೆರೆದು ಗಾಳಿಗೆ ಹಾರಿಸುತ್ತದೆ. ಚರ್ಮಕ್ಕೆ ತಾಗಿದರೆ ತುರಿಕೆ, ಕಣ್ಣಿಗೆ ಹೋದರೆ ಡಾಕ್ಟರ ಹತ್ತಿರ ಹೋಗಬೇಕಾಗುತ್ತದೆ. ಡಬ್ಬಿಗೆ ಮುಖ ಹತ್ತಿರ ಒಯ್ದು ಊದಬೇಡಿ.

ಕಾನೂನಿನ ವಿಷಯವನ್ನೂ ಹೇಳಬೇಕು, ಯಾಕೆಂದರೆ ಜೇಡಗಳು ಕೈ ಬದಲಾಗಿ ನಿಮ್ಮ ಹತ್ತಿರ ಬಂದಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಹೆಸರು ಹುಡುಕುವಾಗ ಎಚ್ಚರ. ಕರ್ಲಿ ಹೇರ್‌ನ ಈಗಿನ ಹೆಸರು ಟ್ಲಿಲ್ಟೊಕ್ಯಾಟ್ಲ್ ಆಲ್ಬೊಪಿಲೋಸಸ್. ಮೊದಲು ಅದು ಬ್ರಾಕಿಪೆಲ್ಮಾ ಕುಲದಲ್ಲಿತ್ತು, ಮತ್ತು ಬ್ರಾಕಿಪೆಲ್ಮಾ ಸೈಟಿಸ್ ಪಟ್ಟಿಯಲ್ಲಿದೆ. ಆದ್ದರಿಂದ ಹೊಸ ಹೆಸರು, ಹಳೆಯ ಹೆಸರು ಎರಡನ್ನೂ ಇಟ್ಟುಕೊಂಡು ಅರಣ್ಯ ಇಲಾಖೆಯಲ್ಲಿ ಕೇಳಿ. ಗೆಳೆಯ ಇವನ್ನು ಕೊಂಡಾಗಿನ ರಸೀದಿ, ನೋಂದಣಿ ಕಾಗದ ಅವನಿಂದ ತರಿಸಿಕೊಳ್ಳಿ.

ಇವುಗಳನ್ನು ಸಾಕಿ ಅಭ್ಯಾಸವಾದ ಮೇಲೆ ನಮ್ಮ ಕಾಡಿನ ಜೇಡವನ್ನೂ ತಂದು ಸಾಕೋಣ ಎಂಬ ಆಸೆ ಹುಟ್ಟಬಹುದು. ಅದು ಬೇಡ. ಅನಂತಪುರ ಜಿಲ್ಲೆಯ ಗುತ್ತಿ ನಮ್ಮ ಊರಿಗೆ ಅಷ್ಟೇನೂ ದೂರವಲ್ಲ. ಅಲ್ಲಿನ ರೈಲ್ವೆ ಮರದ ಅಂಗಳದಲ್ಲಿ ಸಿಕ್ಕಿ, 1899ರಲ್ಲಿ ವಿಜ್ಞಾನದಲ್ಲಿ ಹೆಸರು ಪಡೆದ ಕಡುನೀಲಿ ಟಾರಂಟುಲಾ ಇವತ್ತು ಅಳಿವಿನ ಅಂಚಿನಲ್ಲಿದೆ. ಅದರ ಕಾಡು ಕರಗಿದ್ದು ಒಂದು ಕಾರಣ, ಸಾಕಲು ಹಿಡಿದೊಯ್ದದ್ದು ಇನ್ನೊಂದು. 2019ರಲ್ಲಿ ಅದರ ಕುಲವನ್ನೇ ಸೈಟಿಸ್ ಪಟ್ಟಿಗೆ ಸೇರಿಸಿದರು. ಪಶ್ಚಿಮ ಘಟ್ಟದ ರಸ್ತೆ ಬದಿಯ ದಿಬ್ಬಗಳಲ್ಲಿ ಬಲೆ ಹೆಣೆದ ಬಿಲ ಕಂಡರೆ ಕೂತು ನೋಡಿ ಬನ್ನಿ, ಕಡ್ಡಿ ಹಾಕಬೇಡಿ.

ಹೊಸ ಡಬ್ಬಿಗಳು ಸಿದ್ಧವಾದ ತಕ್ಷಣ ಜೇಡ ಬಿಡಬೇಡಿ. ಮಣ್ಣು, ನೀರು, ಕೊಂಬೆ ಎಲ್ಲ ಹಾಕಿ ಖಾಲಿಯಾಗಿಯೇ ಒಂದು ವಾರ ಇಡಿ. ಬೆಳಿಗ್ಗೆ ಗೋಡೆಯಲ್ಲಿ ಮಂಜು ಕಂಡು ಹತ್ತು ಗಂಟೆಯೊಳಗೆ ಆರಿದರೆ ಗಾಳಿ ಸರಿ ಇದೆ. ಮಧ್ಯಾಹ್ನವೂ ಹನಿ ನಿಂತಿದ್ದರೆ ಇನ್ನೊಂದು ಸಾಲು ತೂತು ಮಾಡಿ. ಎರಡೇ ದಿನಕ್ಕೆ ಮಣ್ಣು ಪುಡಿಪುಡಿ ಒಣಗಿದರೆ ಮೇಲಿನ ಸಾಲಿನ ಅರ್ಧಕ್ಕೆ ಟೇಪ್ ಅಂಟಿಸಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲದಲ್ಲಿ ಟೇಪ್ ತೆಗೆಯಿರಿ, ಮಾರ್ಚ್‌ನಲ್ಲಿ ಮತ್ತೆ ಹಾಕಿ. ಬಿಳಿ ಬೂಷ್ಟು ಕಾಣಿಸಿದರೆ ಆ ಜಾಗದ ಮಣ್ಣು ಚಮಚದಲ್ಲಿ ತೆಗೆದು ಒಣಗಲು ಬಿಡಿ.

ಹಳೆಯ ಜಾರ್ ಖಾಲಿ ಮಾಡುವಾಗ ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಕರ್ಲಿ ಹೇರ್ ಇದ್ದ ಮಣ್ಣಿನಲ್ಲಿ ಅದರ ರೋಮ ಉಳಿದಿರುತ್ತದೆ. ಆ ಮಣ್ಣನ್ನು ಹಾಗೇ ಹಸಿ ಕಸಕ್ಕೆ ಸುರಿಯಬೇಡಿ, ಪೌರಕಾರ್ಮಿಕರು ಎಷ್ಟೋ ಕಡೆ ಬರಿಗೈಯಲ್ಲೇ ಕಸ ಬಿಡಿಸುತ್ತಾರೆ. ನೀರು ಹಾಕಿ ನೆನೆಸಿ, ಹಳೆಯ ಪೇಪರಿನಲ್ಲಿ ಎರಡು ಸುತ್ತು ಕಟ್ಟಿ, ಮೇಲೆ ಬರೆದು ಕೊಡಿ. ಜಾರನ್ನು ಸೋಪು ನೀರಿನಲ್ಲಿ ತೊಳೆದ ಮೇಲೆ ಪಿಂಕ್ ಟೋಗಾಗಿ ಅದನ್ನೇ ತಲೆಕೆಳಗು ಮಾಡಿ.